ಡೆನ್ಮಾರ್ಕ್‌ನ ಹೈನು ಫಾರಂಗೆ ತರಬೇತಿಗೆ ಹೋದ ತಮ್ಮ ರಜೆಯ ದಿನವೂ ಕೋಣೆ ಬಿಟ್ಟು ಹೊರಡುವುದಿಲ್ಲ. ನಾವು ಏನು ಹೇಳಬೇಕು?

ಕಲ್ಲಹಳ್ಳಿ ಅಕ್ಕ, ಮಂಡ್ಯ

ನನ್ನ ತಮ್ಮ ಕೃಷಿ ಪದವಿ ಓದುತ್ತಿರುವಾಗಲೇ ಒಂದು ವರ್ಷದ ಪ್ರಾಯೋಗಿಕ ತರಬೇತಿಗೆಂದು ಡೆನ್ಮಾರ್ಕ್‌ಗೆ ಹೋಗಿದ್ದಾನೆ. ಜಟ್ಲೆಂಡ್ ಭಾಗದಲ್ಲಿ, ವಿಬೋರ್ಗ್ ಪಟ್ಟಣದಿಂದ ಸಾಕಷ್ಟು ಒಳಗಿರುವ ಒಂದು ಹೈನು ಫಾರಂನಲ್ಲಿ ಅವನಿಗೆ ಕೆಲಸವೂ ವಸತಿಯೂ ಸಿಕ್ಕಿವೆ. ಕೆಲಸದ ಬಗ್ಗೆ ನಮಗೆ ದೂರಿಲ್ಲ. ಸಂಬಳ ಸಕಾಲಕ್ಕೆ ಬರುತ್ತದೆ. ಹಸುಗಳ ಗೊರಸು ನೋಡುವುದು, ಕರುಗಳಿಗೆ ಹಾಲುಣಿಸುವುದು, ಮೇವಿನ ಲೆಕ್ಕ ಹಾಕುವುದು ಎಲ್ಲವನ್ನೂ ಮಾಲೀಕರು ಜೊತೆಗೆ ನಿಂತು ಕಲಿಸುತ್ತಿದ್ದಾರಂತೆ.

ಚಿಂತೆ ಇರುವುದು ಕೆಲಸ ಮುಗಿದ ಮೇಲಿನ ಹೊತ್ತಿನದು. ಇಲ್ಲಿದ್ದಾಗ ಸಂಜೆಯಾದರೆ ವಾಲಿಬಾಲ್ ಅಂಕಣದಲ್ಲಿ, ಭಾನುವಾರವಾದರೆ ಗೆಳೆಯರ ಜೊತೆ ಬಲಮುರಿಯಲ್ಲಿ ಇರುತ್ತಿದ್ದ ಹುಡುಗ ಈಗ ರಜೆಯ ದಿನ ಅನ್ನ ಸಾರು ಮಾಡಿಕೊಂಡು ಮಲಗುತ್ತಾನೆ. ಫಾರಂನಲ್ಲಿ ಉಕ್ರೇನಿನ ದಂಪತಿ ಮತ್ತು ರೊಮೇನಿಯದ ಒಬ್ಬ ಯುವಕ ಇದ್ದರೂ ಅವರೊಂದಿಗೆ ಕೆಲಸಕ್ಕೆ ಬೇಕಾದಷ್ಟೇ ಮಾತು. ಸಂಕ್ರಾಂತಿಯ ಸಂಜೆ ನಮ್ಮೂರಿನಲ್ಲಿ ಎತ್ತುಗಳಿಗೆ ಕಿಚ್ಚು ಹಾಯಿಸುವುದನ್ನು ವಿಡಿಯೊ ಕಾಲ್‌ನಲ್ಲಿ ತೋರಿಸಿದೆವು. ಒಂದು ಮಾತೂ ಆಡದೆ ನೋಡಿದವನು, ಹಾಲು ಕರೆಯುವ ಹೊತ್ತಾಯಿತು ಎಂದು ಕಾಲ್ ಮುಗಿಸಿದ.

ತಂದೆಯವರು, ‘ಅವನನ್ನು ಕಳಿಸಿದ್ದು ಕಲಿಯುವುದಕ್ಕೆ, ಜಾತ್ರೆ ನೋಡುವುದಕ್ಕಲ್ಲ’ ಎನ್ನುತ್ತಾರೆ. ಹೋಗುವಾಗ ಮಾಡಿದ ಸಾಲ ಇನ್ನೂ ಇರುವುದರಿಂದ ಅವರ ಮಾತನ್ನು ತಳ್ಳಿಹಾಕುವಂತೆಯೂ ಇಲ್ಲ. ಆದರೆ ಹೀಗೆ ಒಂಟಿಯಾಗಿ ವರ್ಷ ಕಳೆಯುವುದು ಸರಿಯೇ, ಅಲ್ಲಿನ ಹಳ್ಳಿಗಳಲ್ಲಿ ಜನರ ಒಡನಾಟ ಹೇಗೆ ಸಿಗುತ್ತದೆ, ತಿರುಗಾಡಲು ವೀಸಾದ ತೊಡಕೇನಾದರೂ ಇದೆಯೇ ಎಂಬುದನ್ನು ತಿಳಿದವರು ದಯವಿಟ್ಟು ಬರೆಯಬೇಕು.

ನಾಲೆಬಯಲು, ಪಾಂಡವಪುರ

ನಾನು ಅದೇ ಜಟ್ಲೆಂಡ್‌ನಲ್ಲಿ ತರಬೇತಿ ಮುಗಿಸಿ ಬಂದು, ಈಗ ಇಲ್ಲಿ ಹಸು ಸಾಕಿಕೊಂಡಿರುವವನು. ನಿಮ್ಮ ತಮ್ಮ ಹೋಗಿರುವ ಕಾಲವೇ ಕಷ್ಟದ ಕಾಲ ಎಂಬುದನ್ನು ಮೊದಲು ಗಮನಿಸಬೇಕು. ಡಿಸೆಂಬರ್ ಮೂರನೆಯ ವಾರದಲ್ಲಿ ಅಲ್ಲಿ ಹಗಲು ಇರುವುದೇ ಸುಮಾರು 7 ಗಂಟೆ. ಬೆಳಿಗ್ಗೆ 5ಕ್ಕೆ ಕೊಟ್ಟಿಗೆ ಹೊಕ್ಕವನು ಸಂಜೆ 4ಕ್ಕೆ ಹೊರಬಂದರೆ ಎರಡು ಹೊತ್ತೂ ಕಾಣುವುದು ಅಂಗಳದ ದೀಪ ಮಾತ್ರ. ಅಂಥ ಹೊತ್ತಿನಲ್ಲಿ ಸೈಕಲ್ ಹತ್ತಿ ಹೋಗೆಂದರೆ ಯಾರಿಗೆ ಮನಸ್ಸು ಬರುತ್ತದೆ? ಮಾರ್ಚ್ ಕಳೆಯುತ್ತಿದ್ದಂತೆ ಹಗಲು ಬಲು ಬೇಗ ಬೆಳೆಯುತ್ತದೆ, ಜೂನ್‌ನಲ್ಲಿ 17 ಗಂಟೆ ದಾಟುತ್ತದೆ. ಆಗ ಹೊರಗೆ ಹೋಗೆಂದು ಯಾರೂ ಹೇಳಬೇಕಾಗುವುದಿಲ್ಲ. ಬಿಸಿಲು ಸಾಲದ ದೇಶವಾದ್ದರಿಂದ ನಮ್ಮಂಥ ಕಪ್ಪು ಮೈಬಣ್ಣದವರು ದಿನಕ್ಕೆ 10 ಮೈಕ್ರೋಗ್ರಾಂ ವಿಟಮಿನ್ ಡಿ ತೆಗೆದುಕೊಳ್ಳಬೇಕೆಂದು ಅಲ್ಲಿನ ಆರೋಗ್ಯ ಇಲಾಖೆಯೇ ಸಲಹೆ ಕೊಡುತ್ತದೆ. ಅವನು ತೆಗೆದುಕೊಳ್ಳುತ್ತಿದ್ದಾನೆಯೇ ಎಂದು ಇವತ್ತೇ ಕೇಳಿ. ಮಂಕು ಹಾಗೇ ಮುಂದುವರಿದರೆ, ನೋಂದಣಿಯಾದಾಗ ಬಂದಿರುವ ಹಳದಿ ಆರೋಗ್ಯ ಕಾರ್ಡನ್ನು ತೋರಿಸಿ ತನಗೆ ಗೊತ್ತುಮಾಡಿಕೊಟ್ಟಿರುವ ವೈದ್ಯರನ್ನು ಹಣ ಕೊಡದೆಯೇ ಕಾಣಬಹುದು.

ಇನ್ನು ಒಡನಾಟದ ಮಾತು. ಹೊಸದಾಗಿ ಹೋದ ನಮ್ಮ ಹುಡುಗರು ಡೆನ್ಮಾರ್ಕ್‌ನವರನ್ನು ಬಿಗುಮಾನದವರು ಎಂದುಕೊಳ್ಳುವುದು ಸಾಮಾನ್ಯ. ಅಲ್ಲಿ ‘ಈ ಕಡೆ ಬಂದಿದ್ದೆ, ಹಾಗೇ ಮಾತಾಡಿಸಿಕೊಂಡು ಹೋಗೋಣವೆಂದೆ’ ಎನ್ನುತ್ತ ಹೇಳದೆ ಕೇಳದೆ ಮನೆಗೆ ನುಗ್ಗುವ ಪದ್ಧತಿಯಿಲ್ಲ. ಊಟಕ್ಕೆ ಕರೆಯುವವರು ಎರಡು ಮೂರು ವಾರ ಮೊದಲೇ ತಾರೀಖು ಗೊತ್ತುಮಾಡುತ್ತಾರೆ. ಹಾಗಾಗಿ ಯಾರಾದರೂ ತಾವಾಗಿ ಬಂದು ಕರೆಯಲಿ ಎಂದು ಕಾಯುವವನು ವರ್ಷವಿಡೀ ಕಾಯುತ್ತಲೇ ಇರಬೇಕಾಗುತ್ತದೆ. ಅಲ್ಲಿ ಜನ ಸೇರುವುದು ಸಂಘಗಳಲ್ಲಿ. ಎಷ್ಟು ಸಣ್ಣ ಹಳ್ಳಿಯ ಆಸುಪಾಸಿನಲ್ಲಾದರೂ ಶಾಲೆಗೆ ಹೊಂದಿಕೊಂಡ ಒಂದು ಕ್ರೀಡಾ ಸಭಾಂಗಣವಿರುತ್ತದೆ. ಸೆಪ್ಟೆಂಬರ್‌ನಿಂದ ಏಪ್ರಿಲ್‌ವರೆಗೆ ಅದರಲ್ಲಿ ಬ್ಯಾಡ್ಮಿಂಟನ್ ನಡೆಯುತ್ತಿರುತ್ತದೆ.

ಬ್ಯಾಡ್ಮಿಂಟನ್ ಎಂದರೆ ಆ ದೇಶಕ್ಕೆ ಎಷ್ಟು ಪ್ರೀತಿ ಎಂಬುದು ಕನ್ನಡಿಗರಿಗೆ ಗೊತ್ತಿರಬೇಕು. 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದ ನಮ್ಮ ಪ್ರಕಾಶ್ ಪಡುಕೋಣೆ ಆಮೇಲೆ ಅಭ್ಯಾಸಕ್ಕೆಂದು ಹೋಗಿ ನೆಲೆಸಿದ್ದು ಅದೇ ಡೆನ್ಮಾರ್ಕ್‌ನಲ್ಲಿ. ನಾನು ಈ ಹೆಸರು ಹೇಳಿದ ಮೇಲೆ, ಅದುವರೆಗೆ ಹವಾಮಾನ ಬಿಟ್ಟು ಬೇರೆ ಮಾತಾಡದಿದ್ದ ಹಿರಿಯರೊಬ್ಬರು ಪ್ರತಿ ವಾರ ನನ್ನನ್ನು ತಮ್ಮ ಜೋಡಿಗೆ ಹಾಕಿಕೊಳ್ಳತೊಡಗಿದರು. ಆಟಕ್ಕಿಂತ ಆಟ ಮುಗಿದ ನಂತರದ ಅರ್ಧ ಗಂಟೆ ಮುಖ್ಯ. ಎಲ್ಲರೂ ಸೇರಿ ಬಲೆ ಸುತ್ತಿಡುತ್ತಾರೆ, ಯಾರೋ ಒಬ್ಬರು ದೊಡ್ಡ ಥರ್ಮಾಸ್ ತೆರೆಯುತ್ತಾರೆ, ಬೆಂಚಿನ ಮೇಲೆ ಕುಳಿತು ಕಪ್ಪು ಕಾಫಿ ಕುಡಿಯುತ್ತ ನಿಮ್ಮೂರಿನಲ್ಲಿ ಎಕರೆಗೆ ಎಷ್ಟು ಟನ್ ಕಬ್ಬು ಬರುತ್ತದೆ, ಒಂದು ಮನೆಗೆ ಎರಡೇ ಹಸುವಾದರೆ ಹಾಲು ಮಾರುವುದು ಹೇಗೆ ಎಂದೆಲ್ಲ ವಿಚಾರಿಸುತ್ತಾರೆ. ನಮ್ಮ ಹಳ್ಳಿಯ ಡೇರಿಗೆ ಬೆಳಿಗ್ಗೆ ಸಂಜೆ ಕ್ಯಾನ್ ಹಿಡಿದು ಜನ ಸಾಲುಗಟ್ಟುವುದನ್ನು ವಿವರಿಸಿದರೆ ಕಣ್ಣರಳಿಸಿ ಕೇಳುತ್ತಾರೆ, ಏಕೆಂದರೆ ಅವರದೂ ಸಹಕಾರಿ ಡೇರಿಗಳಿಂದ ಕಟ್ಟಿದ ಹಾಲಿನ ವ್ಯವಸ್ಥೆಯೇ. ಪ್ರತಿ ವಾರ ಒಂದೇ ದಿನ, ಒಂದೇ ಹೊತ್ತಿಗೆ ತಪ್ಪದೆ ಹೋದರೆ ಮುಖ ಪರಿಚಯ ತಾನಾಗಿ ಬೆಳೆಯುತ್ತದೆ. ಮನಸ್ಸು ಬಂದಾಗ ಹೋಗುವವನಿಗೆ ಅದು ದಕ್ಕುವುದಿಲ್ಲ. ವಾಲಿಬಾಲ್ ಆಡಿದ ಕೈಗೆ ರ‍್ಯಾಕೆಟ್ ಹಿಡಿಯುವುದು ಕಷ್ಟವಾಗಲಾರದು. ಬೇಕಾದರೆ ವಾಲಿಬಾಲ್ ಸಂಘವೂ ಹುಡುಕಿದರೆ ಸಿಕ್ಕೀತು.

ಫಾರಂನಲ್ಲಿಯೇ ಇನ್ನೊಂದು ಬಾಗಿಲಿದೆ. ಬೆಳಗಿನ ಕೆಲಸ ಮುಗಿದು ಸುಮಾರು 9ಕ್ಕೆ ಎಲ್ಲರೂ ಒಟ್ಟಿಗೆ ಕುಳಿತು ಕಾಫಿ, ಬ್ರೆಡ್ ತೆಗೆದುಕೊಳ್ಳುವ ರೂಢಿ ಅಲ್ಲಿ ಬಹಳ ಕಡೆ ಇದೆ. ನಮ್ಮ ಹುಡುಗರು ಆ ಹೊತ್ತಿಗೆ ಮೊಬೈಲ್ ಹಿಡಿದು ಕೋಣೆಗೆ ಹೋಗುತ್ತಾರೆ. ಅಲ್ಲಿ ಬೆಳಿಗ್ಗೆ 9 ಎಂದರೆ ಚಳಿಗಾಲದಲ್ಲಿ ಇಲ್ಲಿ ಮಧ್ಯಾಹ್ನ ಒಂದೂವರೆ. ಮನೆಯವರು ಊಟ ಮುಗಿಸಿ ಕಾಲ್ ಮಾಡುವುದೂ ಅದೇ ಹೊತ್ತಿಗೆ. ಅಕ್ಕನವರೇ, ನೀವು ಕಾಲ್ ಮಾಡುವ ಹೊತ್ತನ್ನು ನಮ್ಮ ರಾತ್ರಿ 9ಕ್ಕೆ ಬದಲಾಯಿಸಿದರೆ ಅವನಿಗೆ ಉಪಕಾರವಾದೀತು. ಆ ಮೇಜಿನಲ್ಲಿ ರೈ ಎಂಬ ಧಾನ್ಯದ ಬ್ರೆಡ್ಡಿನ ಮೇಲೆ ಹಂದಿಯ ಲಿವರ್ ಅರೆದು ಮಾಡಿದ ಲೇಪವನ್ನು ಸವರಿಕೊಡುವುದುಂಟು. ತಿನ್ನುವುದಿಲ್ಲವಾದರೆ ಮೊದಲ ದಿನವೇ ನೇರವಾಗಿ ಹೇಳಬೇಕು. ನೇರ ಮಾತಿಗೆ ಅವರು ಬೇಸರಪಡುವುದಿಲ್ಲ, ಮುಲಾಜಿಗೆ ತಿಂದು ಮುಖ ಕಿವಿಚಿದರೆ ಗಲಿಬಿಲಿಯಾಗುತ್ತಾರೆ. ಬಿಯರ್ ವಿಷಯವೂ ಅಷ್ಟೇ.

ಮಳವಳ್ಳಿ ಕೃಷಿಕ

ಮೇಲಿನವರು ಚೆನ್ನಾಗಿ ಬರೆದಿದ್ದಾರೆ, ಆದರೆ ನಾನು ತಂದೆಯವರ ಪಕ್ಷ. ಆ ದೇಶದಲ್ಲಿ ಒಂದು ಕಾಫಿಗೆ ಕೊಡುವ ದುಡ್ಡಿನಲ್ಲಿ ಇಲ್ಲಿ ಒಂದು ಸಂಸಾರ ಮದ್ದೂರು ವಡೆ ತಿಂದು ಬರಬಹುದು. ಸಾಲ ತೀರುವವರೆಗೆ ಕೈ ಬಿಗಿ ಹಿಡಿದು, ಉಳಿದ ದಿನಗಳಲ್ಲಿ ಬೇರೆ ಫಾರಂಗಳಲ್ಲಿ ನಾಲ್ಕು ಕಾಸು ಹೆಚ್ಚಾಗಿ ದುಡಿದುಕೊಂಡು ಬರುವುದೇ ಜಾಣತನ. ತಿರುಗಾಟಕ್ಕೆ ಆಯಸ್ಸು ಬೇಕಾದಷ್ಟಿದೆ.

ಬೋಗಾದಿ ನಿವಾಸಿ, ಮೈಸೂರು

ಮಳವಳ್ಳಿಯವರು ಹೇಳಿದ ಎರಡನೆಯ ಮಾತನ್ನು ಯಾರೂ ಪಾಲಿಸಬಾರದೆಂದು ಕಟ್ಟುನಿಟ್ಟಾಗಿ ಹೇಳಬೇಕಾಗಿದೆ. ಡೆನ್ಮಾರ್ಕ್‌ನ ಕೃಷಿ ತರಬೇತಿಯ ಪರವಾನಗಿ 18ರಿಂದ 30 ವರ್ಷದೊಳಗಿನವರಿಗೆ, ಗರಿಷ್ಠ 12 ತಿಂಗಳಿಗೆ, ಹೆಸರಿಸಿದ ಒಂದೇ ಫಾರಂಗೆ ಸಿಗುವಂಥದ್ದು. ರಜೆಯ ದಿನ ಪಕ್ಕದ ಫಾರಂನಲ್ಲಿ ದುಡಿದು ಸಿಕ್ಕಿಬಿದ್ದರೆ ಪರವಾನಗಿಯೇ ರದ್ದಾಗಿ ವಾಪಸು ಬರಬೇಕಾಗಬಹುದು. ಆಗ ಸಾಲ ತೀರಿಸುವ ದಾರಿಯೂ ಮುಚ್ಚುತ್ತದೆ. ಫಾರಂ ಬದಲಾಯಿಸುವುದಾದರೂ ಹೊಸ ಪರವಾನಗಿಗೆ ಅರ್ಜಿ ಹಾಕಿಯೇ ಬದಲಾಯಿಸಬೇಕು.

ಮೊದಲನೆಯ ಮಾತಿನ ಬಗ್ಗೆ: ಜೊತೆಗಾರರೊಂದಿಗೆ ಮಾತಿಲ್ಲದವನಿಗೆ ಅಲ್ಲಿನ ಭಾಷೆ ಬರುವುದಿಲ್ಲ, ಭಾಷೆ ಬಾರದವನಿಗೆ ಕೊಟ್ಟಿಗೆ ಗುಡಿಸುವ ಕೆಲಸದಾಚೆಗೆ ಏನನ್ನೂ ಒಪ್ಪಿಸುವುದಿಲ್ಲ. ಅಂದರೆ ತಂದೆಯವರು ಯಾವುದಕ್ಕಾಗಿ ಕಳಿಸಿದರೋ ಅದೇ ಕೈಗೆ ಸಿಗದೆ ಹೋಗುತ್ತದೆ. ಪುರಸಭೆಯ ಮೂಲಕ ಡ್ಯಾನಿಶ್ ಭಾಷೆಯ ತರಗತಿಗಳು ನಡೆಯುತ್ತವೆ. ಠೇವಣಿ ಇಟ್ಟು ಸೇರಿ, ನಿಗದಿತ ಅವಧಿಯಲ್ಲಿ ಪಾಸಾದರೆ ಅದು ಹಿಂದಿರುಗುತ್ತದೆ. ತರಗತಿಯಲ್ಲಿ ಸುತ್ತಲಿನ ಫಾರಂಗಳ ಇತರ ತರಬೇತಿಗರೂ ಸಿಗುತ್ತಾರೆ.

ನಿಜವಾಗಿ ವಿಚಾರಿಸಬೇಕಾದದ್ದು ಇನ್ನೊಂದಿದೆ. ಅವನು ರಜೆಯ ದಿನ ಮಲಗುವುದು ಒಂಟಿತನದಿಂದಲೋ, ಸುಸ್ತಿನಿಂದಲೋ? ಅಲ್ಲಿನ ಕೃಷಿ ಕಾರ್ಮಿಕ ಒಪ್ಪಂದದ ಪ್ರಕಾರ ವಾರಕ್ಕೆ 37 ಗಂಟೆ ಕೆಲಸ, ವರ್ಷಕ್ಕೆ ಐದು ವಾರ ರಜೆ. ರಜೆ ತಿಂಗಳಿಗೆ 2.08 ದಿನದಂತೆ ಸೇರುತ್ತ ಹೋಗುತ್ತದೆ, ಸೇರಿದ್ದನ್ನು ಆಗಲೇ ಬಳಸಿಕೊಳ್ಳಬಹುದು. ತರಬೇತಿಯ ಹೆಸರಿನಲ್ಲಿ ಹುಡುಗರಿಂದ ಗಂಟೆ ಲೆಕ್ಕವಿಲ್ಲದೆ ದುಡಿಸಿಕೊಳ್ಳುವವರೂ ಇದ್ದಾರೆ. ನನಗೆ ಪರಿಚಯದ ಹುಡುಗನೊಬ್ಬನಿಗೆ ಹಾಗಾಗಿತ್ತು. ದಿನದ ಗಂಟೆಗಳನ್ನು ಒಂದು ಪುಸ್ತಕದಲ್ಲಿ ತಾನೇ ಬರೆದಿಡಲಿ, ಸಂಬಳ ಚೀಟಿಯೊಂದಿಗೆ ತಾಳೆ ನೋಡಲಿ. ವ್ಯತ್ಯಾಸ ಕಂಡರೆ ಕೃಷಿ ಕಾರ್ಮಿಕರನ್ನು ಪ್ರತಿನಿಧಿಸುವ 3ಎಫ್ ಎಂಬ ಕಾರ್ಮಿಕ ಸಂಘವಿದೆ, ಅವರ ಜೊತೆ ಇಂಗ್ಲಿಷಿನಲ್ಲಿಯೇ ಮಾತಾಡಬಹುದು.

ತಿರುಗಾಟಕ್ಕೆ ವೀಸಾದ ತೊಡಕಿಲ್ಲ. ವಾಸದ ಕಾರ್ಡ್ ಕೈಗೆ ಬಂದಿದ್ದರೆ, ಪಾಸ್‌ಪೋರ್ಟ್ ಜೊತೆಗಿಟ್ಟುಕೊಂಡು ಜರ್ಮನಿ, ಸ್ವೀಡನ್ ಮುಂತಾದ ಷೆಂಗೆನ್ (ಒಂದೇ ವೀಸಾ ವ್ಯವಸ್ಥೆಯ) ದೇಶಗಳಲ್ಲಿ 180 ದಿನಗಳ ಅವಧಿಯೊಳಗೆ 90 ದಿನ ಪ್ರವಾಸ ಮಾಡಬಹುದು. ಎಲ್ಲಿಯೂ ಕೆಲಸ ಮಾಡುವಂತಿಲ್ಲ, ಅಷ್ಟೇ.

ಕಲ್ಲಹಳ್ಳಿ ಅಕ್ಕ, ಮಂಡ್ಯ

ಎಲ್ಲರಿಗೂ ವಂದನೆಗಳು. ನಿನ್ನೆ ರಾತ್ರಿ 9ಕ್ಕೆ ಕಾಲ್ ಮಾಡಿ ಮಾತಾಡಿದೆ. ಗಂಟೆಗಳ ಲೆಕ್ಕ ಸರಿಯಾಗಿಯೇ ಇದೆಯಂತೆ. ವಿಟಮಿನ್ ವಿಷಯ ಅವನಿಗೆ ಗೊತ್ತೇ ಇರಲಿಲ್ಲ. ಹತ್ತಿರದ ಸಭಾಂಗಣದಲ್ಲಿ ಬುಧವಾರ ಬ್ಯಾಡ್ಮಿಂಟನ್ ಇದೆ ಎಂದು ಮಾಲೀಕರ ಮಗಳೇ ಮೊದಲೊಮ್ಮೆ ಹೇಳಿದ್ದಳಂತೆ, ಇವನು ಸಂಕೋಚದಿಂದ ಸುಮ್ಮನಿದ್ದಾನೆ. ಇನ್ನೊಂದು ಸಂಗತಿ ಹೊರಬಿತ್ತು: ಸ್ವಲ್ಪ ದೂರದ ಹಂದಿ ಫಾರಂನಲ್ಲಿ ನೇಪಾಳದ ಒಬ್ಬ ಹುಡುಗನಿದ್ದಾನೆ, ಹಿಂದಿಯಲ್ಲಿ ಮಾತಾಡಬಹುದು, ಆದರೆ ಅವನ ಫಾರಂಗೆ ಹೊರಗಿನವರು ಬರಬಾರದು ಎಂದರಂತೆ. ತಮ್ಮನಿಗೆ ಅದು ಅವಮಾನವಾಗಿ ಕಂಡಿದೆ. ಅಮ್ಮ ತುಪ್ಪವನ್ನೂ ರಾಗಿ ಹಿಟ್ಟನ್ನೂ ಪಾರ್ಸೆಲ್ ಮಾಡಬೇಕೆಂದು ಹಟ ಹಿಡಿದಿದ್ದಾರೆ. ಆಗಬಹುದೇ?

ನಾಲೆಬಯಲು, ಪಾಂಡವಪುರ

ಅದು ಅವಮಾನವಲ್ಲ. ಹಂದಿಗಳಿಗೆ ಬರುವ ಆಫ್ರಿಕನ್ ಹಂದಿಜ್ವರದ ಭಯದಿಂದ ಆ ಫಾರಂಗಳಲ್ಲಿ ಹೊರಗಿನ ಬೂಟು, ಬಟ್ಟೆ, ಮಾಂಸದ ತಿನಿಸು ಯಾವುದನ್ನೂ ಒಳಗೆ ಬಿಡುವುದಿಲ್ಲ. ಇನ್ನೊಂದು ಕೊಟ್ಟಿಗೆಯಿಂದ ಬಂದವನನ್ನಂತೂ ಮಾಲೀಕನ ಬಂಧುವಾದರೂ ತಡೆಯುತ್ತಾರೆ. ಪಾರ್ಸೆಲ್ಲಿನಲ್ಲಿ ತುಪ್ಪ ಬೇಡ, ಹಾಲಿನ ಮತ್ತು ಮಾಂಸದ ಪದಾರ್ಥಗಳನ್ನು ಹೊರದೇಶಗಳಿಂದ ಕಳಿಸುವುದನ್ನು ಯುರೋಪಿನ ಒಕ್ಕೂಟ ನಿಷೇಧಿಸಿದೆ. ಅಲ್ಲದೆ ಬೆಣ್ಣೆಯ ದೇಶಕ್ಕೆ ತುಪ್ಪ ಕಳಿಸುವುದೇಕೆ, ಕಾಯಿಸಿಕೊಳ್ಳಲಿ. ಅಕ್ಕಿ, ಬೇಳೆ, ಮಸಾಲೆಗೆ ಆರ್ಹುಸ್ ನಗರದ ಬಜಾರ್ ವೆಸ್ಟ್ ಮಾರುಕಟ್ಟೆಗೆ ತಿಂಗಳಿಗೊಮ್ಮೆ ಆ ನೇಪಾಳದ ಹುಡುಗನ ಜೊತೆ ಹೋಗಿ ಬರಲಿ. ಅದೇ ಒಂದು ದಿನದ ತಿರುಗಾಟವಾಗುತ್ತದೆ, ಖರ್ಚಿಗೂ ಅರ್ಥವಿರುತ್ತದೆ. ವಿಬೋರ್ಗ್‌ನಿಂದ ಆರ್ಹುಸ್‌ಗೆ ನೇರ ರೈಲಿದೆ. ಫಾರಂನಿಂದ ನಿಲ್ದಾಣ ಮುಟ್ಟುವುದೇ ಕಷ್ಟ, ಶನಿವಾರ ಭಾನುವಾರ ಹಳ್ಳಿಯ ಬಸ್ಸುಗಳು ಬಲು ಕಡಿಮೆ. ರೈಸೆಪ್ಲಾನೆನ್ ಎಂಬ ಆ್ಯಪ್‌ನಲ್ಲಿ ಹಿಂದಿರುಗುವ ಬಸ್ಸಿನ ಸಮಯ ನೋಡಿಕೊಂಡೇ ಹೊರಡಬೇಕು. ಕತ್ತಲಾದ ಮೇಲೆ ಸೈಕಲ್ಲಿಗೆ ಹಿಂದೆ ಮುಂದೆ ದೀಪ ಕಡ್ಡಾಯ, ಇಲ್ಲದಿದ್ದರೆ ದಂಡ.

ಏಪ್ರಿಲ್‌ನ ಒಂದು ಭಾನುವಾರವನ್ನು ಅವನು ಈಗಲೇ ಬಿಡುವಿಗೆ ಕೇಳಿಟ್ಟುಕೊಳ್ಳಲಿ. ಸಾವಯವ ಹೈನು ಫಾರಂಗಳು ಚಳಿಗಾಲವಿಡೀ ಒಳಗೇ ಇದ್ದ ಹಸುಗಳನ್ನು ಹುಲ್ಲುಗಾವಲಿಗೆ ಬಿಡುವ ದಿನ ಅದು. ಪೇಟೆಯಿಂದ ಸಾವಿರಾರು ಜನ ಮಕ್ಕಳನ್ನು ಕರೆದುಕೊಂಡು ಬಂದು ಬೇಲಿಯ ಪಕ್ಕ ನಿಲ್ಲುತ್ತಾರೆ. ಬಾಗಿಲು ತೆರೆದಾಗ ಆರು ನೂರು ಕಿಲೊ ತೂಗುವ ಹಸುಗಳು ಕರುಗಳ ಹಾಗೆ ಹಿಂಗಾಲು ಝಾಡಿಸಿ ಕುಣಿಯುತ್ತವೆ, ಕೆಚ್ಚಲು ಅತ್ತಿತ್ತ ತೂಗಾಡುತ್ತದೆ, ಒಂದೆರಡು ಹಸುಗಳು ಮೊಣಕಾಲೂರಿ ನೆಲಕ್ಕೆ ಕೊಂಬಿಲ್ಲದ ತಲೆ ಉಜ್ಜುತ್ತವೆ. ಜೂನ್ 23ರ ಸಂಜೆ ಊರೂರಲ್ಲಿ ದೊಡ್ಡ ಬೆಂಕಿ ಹಾಕಿ ಸುತ್ತ ನಿಂತು ಹಾಡುತ್ತಾರೆ. ಕಿಚ್ಚು ನೋಡಿ ಬೆಳೆದವನು ಅದಕ್ಕೂ ಹೋಗಲಿ.

ನೇಪಾಳದ ಹುಡುಗನನ್ನು ಈಗಲೇ ನೋಡಬೇಕೆಂದರೆ ಪಟ್ಟಣದ ಸಾರ್ವಜನಿಕ ಗ್ರಂಥಾಲಯ ಒಳ್ಳೆಯ ಜಾಗ. ಸಿಬ್ಬಂದಿ ಇಲ್ಲದ ಹೊತ್ತಿನಲ್ಲಿಯೂ ಹಲವು ಗ್ರಂಥಾಲಯಗಳು ತೆರೆದಿರುತ್ತವೆ, ಆ ಹಳದಿ ಕಾರ್ಡ್ ತೋರಿಸಿ ಗುಪ್ತಸಂಖ್ಯೆ ಒತ್ತಿದರೆ ಬಾಗಿಲು ತೆರೆಯುತ್ತದೆ. ಒಳಗೆ ಬೆಚ್ಚಗಿರುತ್ತದೆ, ದುಡ್ಡು ಕೇಳುವವರಿಲ್ಲ. ಹೊರಡುವ ಮೊದಲು ಸ್ನಾನ ಮಾಡಿ, ಕೊಟ್ಟಿಗೆಗೆ ಹಾಕದ ಬಟ್ಟೆ ಹಾಕಿಕೊಂಡು ಹೋಗಲು ಹೇಳಿ. ನಮಗೆ ಗೊತ್ತಾಗದಿದ್ದರೂ ಬಸ್ಸಿನಲ್ಲಿ ಪಕ್ಕ ಕುಳಿತವರಿಗೆ ವಾಸನೆ ಗೊತ್ತಾಗುತ್ತದೆ.