ಅಪ್‌ಡೇಟ್: ಸ್ವಿಫ್ಟ್‌ನ 16 ಇಂಚಿನ ಅಲಾಯ್‌ಗೆ ಟೈರ್ ಮತ್ತು ಸ್ಪೇಸರ್

ಮೂರನೇ ತಲೆಮಾರಿನ ಸ್ವಿಫ್ಟ್‌ಗೆ 16 ಇಂಚಿನ ಅಲಾಯ್ ಚಕ್ರ ಹಾಕಿಸುವಾಗ 195/55 ಟೈರ್ (ಅಗಲ 195 ಮಿ.ಮೀ., ಪಕ್ಕದ ಗೋಡೆಯ ಎತ್ತರ ಅದರ ಶೇ. 55) ಒಳ್ಳೆಯದೋ 205/55 ಒಳ್ಳೆಯದೋ, ಜೊತೆಗೆ 10 ಮಿ.ಮೀ. ಸ್ಪೇಸರ್ (ಚಕ್ರ ಸ್ವಲ್ಪ ಹೊರಗೆ ಬರುವಂತೆ ಅದರ ಹಿಂದೆ ಕೂರಿಸುವ ತಟ್ಟೆ) ಹಾಕಬಹುದೇ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದಗಳು.

ಕೊನೆಗೆ 195/55 ಹಾಕಿಸಿದೆ. ಮೊದಲಿದ್ದ 185/65 ಆರ್15 ಟೈರಿನ ವ್ಯಾಸ 621.5 ಮಿ.ಮೀ., ಇದರದು 620.9, ಸ್ಪೀಡೋಮೀಟರ್ ಬಹುತೇಕ ಹಾಗೆಯೇ ಉಳಿಯುತ್ತದೆ. 205/55 ಆಗಿದ್ದರೆ ವ್ಯಾಸ ಸುಮಾರು 10 ಮಿ.ಮೀ. ಹೆಚ್ಚುತ್ತಿತ್ತು.

ಸ್ಪೇಸರ್ ಕೈಬಿಟ್ಟೆ, ಅದಕ್ಕೆ ಕಾರಣವಿದೆ. ಈ ಕಾರಿನ ಸ್ಟಡ್ (ಚಕ್ರದ ನಟ್ ಬಿಗಿಯುವ ತಿರುಪಿನ ಕಡ್ಡಿ) 12 ಮಿ.ಮೀ. ದಪ್ಪ, ಅದರ ತಿರುಪಿನ ಎಳೆಗಳ ಅಂತರ 1.25 ಮಿ.ಮೀ.; ನಟ್ ಕನಿಷ್ಠ ಸ್ಟಡ್ಡಿನ ದಪ್ಪದಷ್ಟಾದರೂ ಒಳಗೆ ಹೋಗಬೇಕೆಂದರೆ ಒಂಬತ್ತು-ಹತ್ತು ಸುತ್ತು ತಿರುಗಬೇಕು, ಆದರೆ ನಡುವೆ 10 ಮಿ.ಮೀ. ತಟ್ಟೆ ಕೂತರೆ ಅದರಲ್ಲಿ ಎಂಟು ಸುತ್ತು ಅಲ್ಲಿಯೇ ಕಳೆದುಹೋಗುತ್ತದೆ. ಉದ್ದದ ಸ್ಟಡ್ ಹಾಕಿಸದೆ ಅಷ್ಟು ದಪ್ಪದ ಸ್ಪೇಸರ್ ಮಾರುವ ಅಂಗಡಿಯವರ ಧೈರ್ಯವನ್ನು ಮೆಚ್ಚಲೇಬೇಕು! ಅಲ್ಲದೆ, ಹಬ್ಬಿನ (ಚಕ್ರ ಕೂರುವ ಭಾಗದ) ನಡುವಿನ ತುಟಿಯಂತಹ ಅಂಚನ್ನು ತೆಳುವಾದ ಸಾದಾ ಸ್ಪೇಸರ್ ನುಂಗಿಬಿಡುವುದರಿಂದ ಚಕ್ರ ನಡುಮಧ್ಯೆ ಕೂರದೆ ವೇಗದಲ್ಲಿ ಸ್ಟೀರಿಂಗ್ ನಡುಗಬಹುದು.

ನನ್ನ ಅಲಾಯ್‌ನ ನಡುರಂಧ್ರ 73.1 ಮಿ.ಮೀ., ಹಬ್ 54.1, ನಡುವಿನ ವ್ಯತ್ಯಾಸಕ್ಕೆ ಹಬ್ ರಿಂಗ್ ಹಾಕಿಸಿದ್ದೇನೆ. ಐವರು ಕೂತು ಸ್ಟೀರಿಂಗ್ ಪೂರ್ತಿ ತಿರುಗಿಸಿ ಹಂಪ್ ದಾಟಿದಾಗಲೂ ಟೈರ್ ಎಲ್ಲಿಯೂ ಉಜ್ಜಲಿಲ್ಲ. ಸ್ಟ್ರಟ್ (ಚಕ್ರದ ಒಳಬದಿಯ ಸಸ್ಪೆನ್ಷನ್ ಕಂಬ) ಮತ್ತು ಟೈರಿನ ನಡುವೆ ಬೆರಳು ಆಡುವಷ್ಟು ಜಾಗವಿದೆ.