ಸಹಾಯ ಬೇಕು: ಬಸುರಿ ತಂಗಿಯ ಶುಗರ್ ರಿಪೋರ್ಟ್ ಬಗ್ಗೆ

ಎಲ್ಲರಿಗೂ ನಮಸ್ಕಾರ. ನನ್ನ ತಂಗಿಗೆ ಈಗ ಆರು ತಿಂಗಳು. ಸರ್ಕಾರಿ ಆಸ್ಪತ್ರೆಯಲ್ಲಿ 75 ಗ್ರಾಂ ಗ್ಲೂಕೋಸ್ ನೀರು ಕುಡಿಸಿ, ಎರಡು ಗಂಟೆ ಬಿಟ್ಟು ರಕ್ತ ತೆಗೆದರು. 152 ಬಂತು. 140 ಮುಟ್ಟಿದರೇ ಬಸಿರಿನ ಶುಗರ್ ಅಂತ ಅಲ್ಲಿ ಲೆಕ್ಕ. ಆಮೇಲೆ ಹೊರಗಿನ ಲ್ಯಾಬಿನಲ್ಲಿ ಎಚ್‌ಬಿಎ1ಸಿ ಮಾಡಿಸಿದೆವು, 5.3 ಬಂತು. "ನಾರ್ಮಲ್ ಇದೆ, ಸುಮ್ನೆ ಹೆದರಿಸ್ತಾರೆ" ಅಂತ ಅವಳ ಅತ್ತೆ ಪಥ್ಯ ಬಿಡಿಸಿದ್ದಾರೆ. ನನಗೆ ಇದು ಸರಿ ಅನಿಸುತ್ತಿಲ್ಲ.

ಎಚ್‌ಬಿಎ1ಸಿ ರಕ್ತದ ಸಕ್ಕರೆಯ ಎರಡು ಮೂರು ತಿಂಗಳ ಸರಾಸರಿ ಹೇಳುತ್ತದೆ, ನಿಜ. ಆದರೆ ಬಸಿರಿನಲ್ಲಿ ಕೆಂಪು ರಕ್ತಕಣಗಳು ಬೇಗ ಹೊಸದಾಗುತ್ತವೆ, ಅದರಿಂದ ಅಂಕಿ ಕಡಿಮೆ ಕಾಣಬಹುದು. ಕಬ್ಬಿಣದ ಕೊರತೆ ಇದ್ದರೆ ಉಲ್ಟಾ, ಜಾಸ್ತಿ ತೋರಿಸಬಹುದು. ತಂಗಿಯ ಹಿಮೋಗ್ಲೋಬಿನ್ ಬೇರೆ ಕಡಿಮೆ, 9.4 ಇದೆ. ಊಟವಾದ ಮೇಲೆ ಏರುವ ಸಕ್ಕರೆಯಂತೂ ಸರಾಸರಿಯಲ್ಲಿ ಬೇರೆಯಾಗಿ ಕಾಣುವುದಿಲ್ಲ, ಅಲ್ವಾ?

ಹೀಗೆ ಎರಡು ರಿಪೋರ್ಟ್ ಬೇರೆ ಬೇರೆ ಬಂದವರು ಯಾರಾದರೂ ಇದ್ದೀರಾ? ನಿಮ್ಮ ಡಾಕ್ಟರ್ ಯಾವುದನ್ನು ಹಿಡಿದರು? ಎರಡು ಮೂರು ವಾರದ ಸಕ್ಕರೆ ಹೇಳುವ ಫ್ರಕ್ಟೋಸಮೈನ್ ಟೆಸ್ಟನ್ನು ಹಾಸನದ ಕಡೆ ಎಲ್ಲಿ ಮಾಡುತ್ತಾರೆ? ಮುದ್ದೆ, ಅನ್ನ ಎರಡೂ ಉಣ್ಣುವ ಮನೆಗೆ ಹೊಂದುವ ಪಥ್ಯ ಹೇಳಿಕೊಡುವವರು ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಸೋಮವಾರ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗುತ್ತಿದ್ದೇನೆ, ಅತ್ತೆಯವರೂ ಬರುತ್ತಾರೆ.