ಅಟ್ಟದಲ್ಲಿ ಸಿಕ್ಕಿದ ಎರಡು ಪಾತ್ರೆಯ ಕರೆಂಟ್ ಸಾಮಾನು, ಇದೇನು?

ಪ್ರಶ್ನೆ (ಕಾಪು ಕಡೆಯ ಸದಸ್ಯೆ): ಎಲ್ಲರಿಗೂ ನಮಸ್ಕಾರ. ಅಜ್ಜನ ಮನೆಯ ಅಟ್ಟ ಗುಡಿಸುವಾಗ ಇದು ಸಿಕ್ಕಿತು. ಅಜ್ಜ ಹಡಗಿನಲ್ಲಿ ಅಡುಗೆ ಕೆಲಸಕ್ಕಿದ್ದರು, ಅವರೇ ತಂದದ್ದಿರಬೇಕು. ಬಿಳಿ ಬಣ್ಣದ ಮೈ, ಎರಡು ಕಪ್ಪು ಹಿಡಿ. ಒಳಗಿನ ಅಲ್ಯೂಮಿನಿಯಂ ಪಾತ್ರೆ ಎತ್ತಿದರೆ ಅದರಡಿ ಇನ್ನೊಂದು ಪಾತ್ರೆ, ಅದು ಮೈಗೇ ಕೂಡಿಕೊಂಡಿದೆ. ಎರಡರ ನಡುವೆ ಕಿರುಬೆರಳು ಹೋಗುವಷ್ಟು ಜಾಗ. ಮುಂದೆ ಒಂದೇ ಒಂದು ಒತ್ತುವ ಸ್ವಿಚ್, ಟೈಮರ್ ಇಲ್ಲ. ತಳದಲ್ಲಿ ಜಪಾನಿ ಅಕ್ಷರ. ನನಗೆ ಓದಲು ಬಂದದ್ದು 100 ವೋಲ್ಟ್, 600 ವ್ಯಾಟ್ ಅಷ್ಟೇ. ವೈರಿಗೆ ಬಟ್ಟೆ ಸುತ್ತಿದೆ, ಪಿನ್ ಚಪ್ಪಟೆ. ಇಡ್ಲಿ ಬೇಯಿಸಲಿಕ್ಕೆ ಅಂತಾರೆ ಅಮ್ಮ. ಅಷ್ಟಮಿಗೆ ಇದರಲ್ಲೇ ಮೂಡೆ (ಎಲೆಯ ಕೊಳವೆಯಲ್ಲಿ ಬೇಯುವ ಇಡ್ಲಿ) ಇಡುವ ಆಸೆ. ಪ್ಲಗ್ ಹಾಕಿ ನೋಡಬಹುದಾ ಅಣ್ಣ?

ಉತ್ತರ (ಉಡುಪಿಯ ರಿಪೇರಿಯವರು): ಹಾಕಬೇಡಿ ಅಕ್ಕ. ಮೊದಲು ಆ ವೈರ್ ತೆಗೆದು ಬೇರೆ ಕಡೆ ಇಡಿ, ಆಮೇಲೆ ಓದಿ.

ಇದು ಅನ್ನದ ಕುಕ್ಕರ್. ಈಗಿನ ಕುಕ್ಕರ್ ಅಲ್ಲ, ಅದರ ಹಿರಿಯ. ಎರಡು ಪಾತ್ರೆಯ ಈ ಕ್ರಮದ ಕುಕ್ಕರನ್ನು ತೋಶಿಬಾ ಕಂಪನಿ 1955ರ ಡಿಸೆಂಬರ್‌ನಲ್ಲಿ ಮಾರಾಟಕ್ಕೆ ತಂದಿತು. ಕಂಡುಹಿಡಿದದ್ದು ಟೋಕಿಯೋದಲ್ಲಿ ಸಣ್ಣ ಕಾರ್ಖಾನೆ ಇಟ್ಟುಕೊಂಡಿದ್ದ ಯೋಶಿತದ ಮಿನಾಮಿ. ದಿನವೂ ಅನ್ನ ಬೇಯಿಸಿ ಪರೀಕ್ಷೆ ಮಾಡಿದವರು ಅವರ ಹೆಂಡತಿ ಫುಮಿಕೊ. ಚಳಿಯಲ್ಲಿ ಅನ್ನ ಸರಿಯಾಗಿ ಬೇಯುತ್ತಿರಲಿಲ್ಲ. ಅದಕ್ಕೇ ಪಾತ್ರೆಯ ಹೊರಗೆ ಗಾಳಿ ನಿಲ್ಲುವಂತೆ ಇನ್ನೊಂದು ಗೋಡೆ ಕಟ್ಟಿದರು. ನಿಮ್ಮ ಕುಕ್ಕರಿನ ಬಿಳಿ ಮೈ ಅದೇ.

ಇದರ ಕೆಲಸ ನನಗೆ ಈಗಲೂ ಬಹಳ ಚಂದ ಕಾಣುತ್ತದೆ. ಒಳಗಿನ ಪಾತ್ರೆಗೆ ಅಕ್ಕಿ, ನೀರು. ಹೊರಗಿನದಕ್ಕೆ ಒಂದು ಕಪ್ ನೀರು. ಸ್ವಿಚ್ ಒತ್ತಿದರೆ ಹೊರಗಿನ ನೀರು ಕುದಿಯುತ್ತದೆ. ನೀರಿರುವಷ್ಟು ಹೊತ್ತು ಶಾಖ 100 ಡಿಗ್ರಿ ದಾಟುವುದಿಲ್ಲ. ಸುಮಾರು 20 ನಿಮಿಷಕ್ಕೆ ನೀರು ಆರಿತು, ತಳ ಒಮ್ಮೆಲೇ ಬಿಸಿಯಾಯಿತು. ಅಲ್ಲಿ ಒಂದಕ್ಕೊಂದು ಅಂಟಿಸಿದ ಎರಡು ಲೋಹದ ಪಟ್ಟಿ ಇದೆ. ಬಿಸಿಗೆ ಒಂದು ಜಾಸ್ತಿ ಹಿಗ್ಗುತ್ತದೆ, ಒಂದು ಕಡಿಮೆ. ಪಟ್ಟಿ ಬಾಗಿ ಸ್ವಿಚ್ ಟಕ್ ಎಂದು ಬಿಡುತ್ತದೆ. ಆ ಒಂದು ಕಪ್ ನೀರೇ ಇದರ ಗಡಿಯಾರ. ಈಗಿನ ಕುಕ್ಕರಿನ ತಳದ ನಡುವೆ ಸ್ಪ್ರಿಂಗ್ ಇರುವ ಗುಂಡಿ ನೋಡಿದ್ದೀರಲ್ಲ? ಅದರೊಳಗೆ ಅಯಸ್ಕಾಂತ. ನಿಮ್ಮದರಲ್ಲಿ ಆ ಗುಂಡಿ ಇಲ್ಲ, ನಾನು ಗುರುತು ಹಿಡಿದದ್ದು ಅದರಿಂದಲೇ.

ತೈವಾನಿನಲ್ಲಿ ತಾತುಂಗ್ ಕಂಪನಿ ಇದೇ ಕ್ರಮದ ಕುಕ್ಕರ್ ಈಗಲೂ ಮಾಡುತ್ತದೆ.

ಇನ್ನೊಬ್ಬ ಸದಸ್ಯರು (ಸುರತ್ಕಲ್): ಪಿನ್ ಬದಲಿಸಿದರೆ ಸಾಕಲ್ವಾ? ದುಬೈಯಿಂದ ತಂದ ನಮ್ಮ ಕುಕ್ಕರಿಗೆ ಹಾಗೇ ಮಾಡಿದ್ದು, ಏನೂ ಆಗಿಲ್ಲ.

ಉತ್ತರ: ದುಬೈಯಲ್ಲಿ ಕರೆಂಟ್ ಹೆಚ್ಚುಕಡಿಮೆ ನಮ್ಮಷ್ಟೇ ಮಾರಾಯ್ರೆ, ಆದ್ದರಿಂದ ನಡೆಯಿತು. ಜಪಾನಿನದು 100 ವೋಲ್ಟ್, ನಮ್ಮದು 230. ವೋಲ್ಟ್ ಎರಡೂಕಾಲು ಪಟ್ಟು ಅಂದರೆ ಶಾಖ ಐದು ಪಟ್ಟಿಗೂ ಮೇಲೆ. 600 ವ್ಯಾಟ್ ಇದ್ದದ್ದು 3,100 ದಾಟುತ್ತದೆ. ಹೀಟರ್ ಸುಟ್ಟರೆ ಈ ಕಾಲದಲ್ಲಿ ಅಂಥದ್ದೇ ಸಿಗುವುದು ಕಷ್ಟ.

ಅಕ್ಕ, ನಿಮಗೆ ಬೇಕಾದದ್ದು 230ರಿಂದ 100ಕ್ಕೆ ಇಳಿಸುವ ಟ್ರಾನ್ಸ್‌ಫಾರ್ಮರ್. 1,000 ವಿಎ ಆದರೆ ಧಾರಾಳ. ಆದರೆ ಅದಕ್ಕಿಂತ ಮೊದಲು ಮೆಗ್ಗರ್ ಎಂಬ ಮೀಟರ್ ಹಾಕಿ ಮೈಗೆ ಕರೆಂಟ್ ಸೋರುತ್ತದಾ ನೋಡಬೇಕು. ಎರಡೇ ಪಿನ್, ಅರ್ತ್ ಇಲ್ಲ, ಮೈ ಲೋಹದ್ದು. ನಾನಾದರೆ ಮೂರು ಪಿನ್ನಿನ ಹೊಸ ವೈರ್ ಹಾಕಿ, ಅರ್ತ್ ಕೊಟ್ಟೇ ಕೊಡುತ್ತೇನೆ. ಹಳೆಯ ಬಟ್ಟೆಯ ವೈರನ್ನು ಕತ್ತರಿಸಬೇಡಿ, ಕೆರೆಯಬೇಡಿ. ಆ ಕಾಲದ ಕೆಲವು ವೈರಿನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತಿತ್ತು, ಅದರ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ತನ್ನಿ. ಮೈಯನ್ನು ನೀರಿಗೆ ಮುಳುಗಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಕಾಪು ಸದಸ್ಯೆ: ಅಬ್ಬಾ, ಕೇಳಿದ್ದು ಒಳ್ಳೆಯದಾಯಿತು. ಅದೇ ಪೆಟ್ಟಿಗೆಯಲ್ಲಿ ಚಿಕ್ಕದೊಂದು ಅಲ್ಯೂಮಿನಿಯಂ ಕಪ್ ಇತ್ತು, ಮಕ್ಕಳ ಆಟದ್ದು ಅಂದುಕೊಂಡು ಗುಜರಿಯ ಚೀಲಕ್ಕೆ ಹಾಕಿದ್ದೆ. ಈಗ ತೆಗೆದಿಟ್ಟೆ. ಕುಚ್ಚಲಕ್ಕಿ ಬೇಯುತ್ತದಾ ಇದರಲ್ಲಿ?

ಉತ್ತರ: ಅಳತೆಯ ಕಪ್ ಅದೇ ಇರಬೇಕು! ಕುಚ್ಚಲಕ್ಕಿಗೆ ಇದು ಹೇಳಿದ್ದಲ್ಲ ಅಕ್ಕ. ಅದಕ್ಕೆ ಬೇಕು ತುಂಬ ನೀರು, ಮುಕ್ಕಾಲು ಗಂಟೆ ಕುದಿ, ಆಮೇಲೆ ತೆಳಿ ಬಸಿಯುವುದು. ಇದು ಅಕ್ಕಿ ನೀರು ಕುಡಿದು ಮುಗಿಸುವ ಕ್ರಮ. ಬೆಳ್ತಿಗೆ ಅಕ್ಕಿ ಚೆನ್ನಾಗಿ ಆಗುತ್ತದೆ. ಅಮ್ಮ ಹೇಳಿದ್ದೂ ಪೂರ್ತಿ ತಪ್ಪಲ್ಲ. ಒಳಪಾತ್ರೆ ತೆಗೆದು, ಹೊರಗಿನದರಲ್ಲಿ ಒಂದು ಸ್ಟ್ಯಾಂಡ್ ಇಟ್ಟರೆ ಹಬೆಯಲ್ಲಿ ಬೇಯಿಸಬಹುದು. ಮೂಡೆಗೆ ಒಂದು ಕಪ್ ನೀರು ಸಾಲದು. ಸ್ವಿಚ್ ಬಿಟ್ಟಾಗ ಸ್ವಲ್ಪ ತಣಿಯಲು ಬಿಟ್ಟು, ನೀರು ಹೊಯ್ದು, ಮತ್ತೆ ಒತ್ತಬೇಕು. ಎರಡು ಮೂರು ಸಲ ಆಗಬಹುದು. ಮೂಡೆ ನಿಲ್ಲಿಸಿದರೆ ಮುಚ್ಚಳ ಕೂರುತ್ತದಾ ಅಂತ ಈಗಲೇ ಅಳೆದು ನೋಡಿ. ಕೂರದಿದ್ದರೆ ಹಲಸಿನ ಎಲೆಯ ಕೊಟ್ಟೆ ಕಟ್ಟಿ, ಅದು ಗಿಡ್ಡ.

ಅಂಗಡಿಗೆ ತರುವಾಗ ಆ ಕಪ್ಪನ್ನೂ ತನ್ನಿ.